ಸಿಹಿ ಈರುಳ್ಳಿಯನ್ನು ಮಳೆಗಾಲ ದಾಟಿಸುವ ಬಗೆ

ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವ ನಮ್ಮವರಿಗೆ ಈರುಳ್ಳಿಯ ವಿಷಯವನ್ನು ಹೇಳಹೊರಡುವುದು ಮೀನಿಗೆ ಈಜು ಕಲಿಸಿದಂತೆ ಆದೀತು. ಮೂಟೆಯ ಬಾಯಿ ಬಿಚ್ಚಿದೊಡನೆ ಒಳಗೆ ಎಷ್ಟು ಕೊಳೆತಿದೆಯೆಂಬುದನ್ನು ವಾಸನೆಯಿಂದಲೇ ಹೇಳಬಲ್ಲವರು ಅವರು. ಬಿಜಾಪುರದ ಕಡೆಯವನು ಅದನ್ನು ಉಳ್ಳಾಗಡ್ಡಿ ಎನ್ನುತ್ತಾನೆ. ಕುಂದಾಪುರದವನು ನೀರುಳ್ಳಿ ಎನ್ನುತ್ತಾನೆ. ಹಾಸನದವನು ಈರುಳ್ಳಿ ಎನ್ನುತ್ತಾನೆ. ಮುಂಬಯಿಯಲ್ಲಿ ಮೂಟೆ ಹೊತ್ತು ತಂದ ಹಮಾಲನಿಗೆ ಅದು ಕಾಂದಾ. ಹೆಸರು ಯಾವುದಾದರೂ ಕಣ್ಣೀರು ಒಂದೇ. ಆದರೆ ಈರುಳ್ಳಿಯನ್ನು ಹೆಚ್ಚುವುದು ಬೇರೆ, ಬೆಳೆಯುವುದು ಬೇರೆ, ಬೆಳೆದುದನ್ನು ಮಳೆಗಾಲ ದಾಟಿಸುವುದು ಮತ್ತೂ ಬೇರೆ. ಈ ಮೂರನೆಯ ವಿದ್ಯೆಯಲ್ಲಿ ಒಮ್ಮೆ ಚೆನ್ನಾಗಿ ಸೋತವನು ನಾನಾದುದರಿಂದ, ಊರಿನಲ್ಲಿ ಮನೆಯ ಹಿತ್ತಲೆಂಬುದೊಂದು ಇನ್ನೂ ಉಳಿದಿರುವ ವಾಚಕರಿಗೆ ನಾಲ್ಕು ಮಾತು ಹೇಳುವ ಸಲಿಗೆಯನ್ನು ವಹಿಸುತ್ತಿದ್ದೇನೆ.

ರಜೆಗೆ ಊರಿಗೆ ಹೋಗುವಾಗ ಉತ್ತರ ಕನ್ನಡದ ಕರಾವಳಿಯನ್ನು ಹಾದುಹೋಗುವವರು ಒಂದು ನೋಟವನ್ನು ಕಂಡಿರಬೇಕು. ಕುಮಟೆಯ ಆಸುಪಾಸಿನಲ್ಲಿ, ಅಳ್ವೆಕೋಡಿ, ಹಂದಿಗೋಣ ಮುಂತಾದ ಊರುಗಳ ಬಳಿ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬೇಸಗೆ ಕಾಲಿಡುತ್ತಲೇ ಗಳುಗಳನ್ನು ನಿಲ್ಲಿಸಿ, ಅವುಗಳಿಗೆ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿರುತ್ತಾರೆ. ಒಣಗಿದ ಎಲೆಗಳನ್ನೇ ಜಡೆಯಂತೆ ಹೆಣೆದು, ಕೆಂಪು ಗಡ್ಡೆಗಳನ್ನು ಸಾಲಾಗಿ ಕೂಡಿಸಿದ ಆ ಗೊಂಚಲುಗಳು ಮದುವೆಮನೆಯ ತೋರಣದಂತೆ ಕಾಣುತ್ತವೆ. ಕಾರುಗಳು ನಿಲ್ಲುತ್ತವೆ, ಮಳೆಗಾಲದ ಖರ್ಚಿಗೆಂದು ಜನ ನಾಲ್ಕಾರು ಗೊಂಚಲುಗಳನ್ನು ಕೊಂಡು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಇದೇ ಕುಮಟೆಯ ಸಿಹಿ ಈರುಳ್ಳಿ. ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯ ಮರಳುಮಿಶ್ರಿತ ಮಣ್ಣಿನಲ್ಲಿ ಬೆಳೆಯುವ ಬೆಳೆ. ಮುಂಬಯಿಯಲ್ಲಿರುವವರು ಇದಕ್ಕೆ ತಂಗಿಯೆನ್ನಬಹುದಾದ ಒಂದನ್ನು ನೋಡಬೇಕಾದರೆ ದೋಣಿ ಹತ್ತಿ ಮಾಂಡವಾದಲ್ಲಿ ಇಳಿದು ಅಲಿಬಾಗಿನ ಹಾದಿ ಹಿಡಿಯಬೇಕು. ಅಲ್ಲಿಯೂ ಭತ್ತದ ಗದ್ದೆಯಲ್ಲೇ, ಮಳೆಗಾಲ ಮುಗಿದ ಮೇಲೆ ಬೆಳೆಯುವ ಬಿಳಿ ಈರುಳ್ಳಿಯನ್ನು ಹೀಗೆಯೇ ಜಡೆ ಹೆಣೆದು ಮಾರುತ್ತಾರೆ. 2022ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಸಿಹಿ ಎಂಬ ಮಾತಿನಲ್ಲಿ ಒಂದು ಮೋಸವುಂಟು. ಸಿಹಿ ಈರುಳ್ಳಿಯಲ್ಲಿ ಸಕ್ಕರೆ ಹೆಚ್ಚಾಗಿದೆಯೆಂದು ಅರ್ಥವಲ್ಲ. ಖಾರ ಕಡಿಮೆಯಿದೆಯೆಂದು ಅರ್ಥ. ಕಣ್ಣಲ್ಲಿ ನೀರು ತರಿಸುವ ಮೂಟೆಯ ಈರುಳ್ಳಿಯಲ್ಲಿಯೂ ಸಕ್ಕರೆಗೇನೂ ಕೊರತೆಯಿಲ್ಲ. ಆದುದರಿಂದಲೇ ಸಾಗುವಿಗೆ ಹುರಿಯುವಾಗ ಖಾರ ಹಾರಿಹೋಗಿ ಅದು ಅಷ್ಟು ಸಿಹಿಯಾಗುತ್ತದೆ. ಇಡಿಯ ಗಡ್ಡೆಗೆ ಹೆಚ್ಚು ವಾಸನೆಯಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಗಂಧಕದ ಅಂಶವುಳ್ಳ ದ್ರವ್ಯವೊಂದು ಜೀವಕೋಶದ ಒಂದು ಕೋಣೆಯಲ್ಲಿಯೂ, ಅದನ್ನು ಒಡೆಯುವ ಕಿಣ್ವವು ಇನ್ನೊಂದರಲ್ಲಿಯೂ ಇರುತ್ತವೆ. ಚಾಕು ತಗಲಿ ಗೋಡೆ ಮುರಿದಾಗ ಇವೆರಡೂ ಕೂಡಿ, ಕಣ್ಣಿಗೆ ನಾಟುವ ಆವಿ ಹುಟ್ಟುತ್ತದೆ. ಈ ಆವಿಯನ್ನು ಹುಟ್ಟಿಸುವುದಕ್ಕೆ ಎರಡನೆಯ ಕಿಣ್ವವೊಂದು ಬೇರೆಯೇ ಉಂಟೆಂದು ಜಪಾನಿನ ಸಂಶೋಧಕರು 2002ರಲ್ಲಿ ತೋರಿಸಿಕೊಟ್ಟರು. ಹರಿತವಾದ ಚಾಕುವಿನಿಂದ ಹೆಚ್ಚಿದರೆ ಕಣ್ಣೀರು ಕಡಿಮೆ, ಮೊಂಡ ಚಾಕುವಿನಿಂದ ಜಜ್ಜಿದರೆ ಹೆಚ್ಚು ಎಂಬುದು ಅಡುಗೆಭಟ್ಟರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಕಾರಣ ಮಾತ್ರ ಈಗ ತಿಳಿಯಿತು. ಮಣ್ಣಿನಲ್ಲಿ ಗಂಧಕ ಕಡಿಮೆಯಿದ್ದರೆ ಗಡ್ಡೆಯಲ್ಲಿಯೂ ಖಾರ ಕಡಿಮೆ. ವರ್ಷವರ್ಷವೂ ಜಡಿಮಳೆಯಲ್ಲಿ ತೊಳೆದುಹೋಗುವ ಕರಾವಳಿಯ ಮರಳುಮಣ್ಣಿಗೂ ಅಲ್ಲಿಯ ಈರುಳ್ಳಿಯ ಸವಿಗೂ ಇರುವ ನಂಟು ಇದೇ ಇರಬೇಕೆಂದು ನನ್ನ ಊಹೆ. ಅದರೊಂದಿಗೆ ಬೀಜದ ಗುಣವೂ ಸೇರಿರುತ್ತದೆ.

ಆದರೆ ಖಾರವುಳ್ಳ ತಳಿಗಳಲ್ಲಿ ಸಾಮಾನ್ಯವಾಗಿ ಗಟ್ಟಿ ಅಂಶವೂ ಹೆಚ್ಚು, ನೀರು ಕಡಿಮೆ. ಅವು ಮೂಟೆಯಲ್ಲಿ ಬಿದ್ದರೂ ಎದ್ದರೂ ತಾಳಿಕೊಳ್ಳುತ್ತವೆ. ಸಿಹಿ ಈರುಳ್ಳಿಯ ಮೈ ನೀರಿನದು. ಒಂದು ಪೆಟ್ಟು ತಗಲಿದರೆ ಅಲ್ಲಿಂದಲೇ ಕೊಳೆ ಆರಂಭ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಬೆಳೆಯುವ ವಿಡಾಲಿಯಾ ಎಂಬ ಹೆಸರಾಂತ ಸಿಹಿ ಈರುಳ್ಳಿಯನ್ನು ಹಲವು ತಿಂಗಳು ಇಡುವುದಕ್ಕಾಗಿ ಅಲ್ಲಿಯವರು ಶೀತಲ ಉಗ್ರಾಣಗಳನ್ನು ಕಟ್ಟಿ, ಒಳಗಿನ ಗಾಳಿಯ ಪ್ರಮಾಣವನ್ನೇ ಬದಲಿಸುತ್ತಾರೆ. ನಮ್ಮ ಕರಾವಳಿಯ ಮನೆಗೆ ಅಂಥ ಉಗ್ರಾಣವೆಲ್ಲಿಂದ ಬರಬೇಕು? ಆದುದರಿಂದ ಸಿಹಿಯೂ ಇರಬೇಕು, ಚೌತಿಯವರೆಗೂ ಉಳಿಯಬೇಕು ಎನ್ನುವವನು ಹೊಲದಲ್ಲಿಯೇ, ಅದೂ ಕಡೆಯ ಒಂದು ತಿಂಗಳಿನಲ್ಲಿ, ಎಚ್ಚರ ವಹಿಸಬೇಕಾಗುತ್ತದೆ. ಕಿತ್ತ ಮೇಲೆ ಮಾಡುವ ಉಪಚಾರಕ್ಕಿಂತ ಕೀಳುವುದಕ್ಕೆ ಮೊದಲು ಬಿಡುವ ನೀರಿನ ಲೆಕ್ಕವೇ ದೊಡ್ಡದು.

ಬೀಜದಿಂದ ಆರಂಭಿಸೋಣ. ಅಮೆರಿಕದಲ್ಲಿರುವ ನಂಟರೊಬ್ಬರು ಬಣ್ಣದ ಪೊಟ್ಟಣದಲ್ಲಿ ಅಲ್ಲಿಯ ಬೀಜ ತಂದುಕೊಟ್ಟರೆಂದು ಹಿಗ್ಗಬೇಡಿ. ಈರುಳ್ಳಿಯ ಗಿಡ ಗಡ್ಡೆ ಕಟ್ಟುವುದು ಹಗಲಿನ ಉದ್ದವನ್ನು ನೋಡಿಕೊಂಡು. ತಂಪು ದೇಶಗಳ ಅನೇಕ ತಳಿಗಳಿಗೆ 14 ಗಂಟೆಗೂ ಮಿಕ್ಕಿದ ಹಗಲು ಬೇಕು. ಅಷ್ಟು ದೀರ್ಘವಾದ ಹಗಲು ಕರ್ನಾಟಕದಲ್ಲಿ ಎಂದಿಗೂ ಬರುವುದಿಲ್ಲ. ಅಂಥ ಗಿಡ ಸೊಂಪಾಗಿ ಎಲೆ ಬಿಟ್ಟು, ಬುಡದಲ್ಲಿ ಏನೂ ಇಲ್ಲದೆ ನಿಂತಿರುತ್ತದೆ. ನಮಗೆ ತಕ್ಕದ್ದು 11-12 ಗಂಟೆಯ ಹಗಲಿನಲ್ಲಿಯೇ ಗಡ್ಡೆಯಾಗುವ ನಮ್ಮ ತಳಿಗಳು. ಕರಾವಳಿಯವರಿಗೆ ಕುಮಟೆಯ ಕಡೆಯ ಬೀಜವೇ ಮೇಲು. ಬೆಳೆಯುವವರ ಪರಿಚಯ ಮಾಡಿಕೊಂಡು ಕೇಳಿ ಪಡೆಯಬೇಕು. ಘಟ್ಟದ ಮೇಲಿನವರು ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನವನ್ನೋ, ಪುಣೆಯ ಬಳಿ ರಾಜಗುರುನಗರದಲ್ಲಿರುವ ಈರುಳ್ಳಿ-ಬೆಳ್ಳುಳ್ಳಿ ಸಂಶೋಧನಾ ಕೇಂದ್ರದ ಭೀಮಾ ಶಕ್ತಿಯನ್ನೋ ಹಾಕಬಹುದು. ಇವೆರಡೂ ಹಿಂಗಾರಿಗೆ ಒಗ್ಗಿದವು, ಇಡುವುದಕ್ಕೂ ಒಳ್ಳೆಯವು. ಆದರೆ ಕುಮಟೆಯ ಸವಿಯನ್ನು ಅವುಗಳಲ್ಲಿ ಹುಡುಕಬಾರದು. ಬೀಜ ಯಾವುದೇ ಆಗಲಿ, ಆ ವರ್ಷದ್ದಾಗಿರಬೇಕು. ಈರುಳ್ಳಿಯ ಬೀಜಕ್ಕೆ ಆಯುಸ್ಸು ಬಲು ಕಡಿಮೆ. ಒಂದು ವರ್ಷ ಡಬ್ಬಿಯಲ್ಲಿ ಕುಳಿತರೆ ಮೊಳೆಯುವ ಶಕ್ತಿ ಬಹುಮಟ್ಟಿಗೆ ಉಡುಗಿಹೋಗುತ್ತದೆ.

ಎಷ್ಟು ಜಾಗ ಬೇಕು? 10 ಅಡಿ ಅಗಲ, 11 ಅಡಿ ಉದ್ದದ ತುಂಡು ಸಾಕು. ಇದು ಸುಮಾರು 10 ಚದರ ಮೀಟರು. ಸಾಲಿನಿಂದ ಸಾಲಿಗೆ 6 ಅಂಗುಲ, ಗಿಡದಿಂದ ಗಿಡಕ್ಕೆ 4 ಅಂಗುಲ ಬಿಟ್ಟರೆ ಆರುನೂರಕ್ಕೂ ಮಿಕ್ಕಿ ಸಸಿಗಳು ಹಿಡಿಯುತ್ತವೆ. ಬೀಜ 5 ಗ್ರಾಂ ಇದ್ದರೆ ಧಾರಾಳ. ಚೆನ್ನಾಗಿ ಬಂದರೆ 20ರಿಂದ 25 ಕಿಲೋ ಗಡ್ಡೆ ಸಿಕ್ಕೀತು. ತಿಂಗಳಿಗೆ ನಾಲ್ಕೈದು ಕಿಲೋ ಖರ್ಚಿನ ಮನೆಗೆ ಅದು ಮಳೆಗಾಲದ ಅನ್ನ. ಹಣದ ಲೆಕ್ಕದಲ್ಲಿ ದೊಡ್ಡದೇನೂ ಅಲ್ಲವೆಂದು ಗುಮಾಸ್ತೆಯ ಲೇಖನಿ ಒಪ್ಪಿಕೊಳ್ಳುತ್ತದೆ. ಆದರೆ ಹಿಂಗಾರಿನ ದಾಸ್ತಾನು ಕರಗಿ ಮುಂಗಾರಿನ ಬೆಳೆ ಇನ್ನೂ ಬಾರದಿರುವ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಈರುಳ್ಳಿಯ ಬೆಲೆ ಏರುವ ಚಂದವನ್ನು ನಾವೆಲ್ಲ ಕಂಡಿದ್ದೇವೆ. 1998ರಲ್ಲಿ ದಿಲ್ಲಿಯ ಚುನಾವಣೆಯಲ್ಲೇ ಅದರ ಮಾತು ಮೊಳಗಿತು. 2019ರ ಸೆಪ್ಟೆಂಬರಿನಲ್ಲಿ ಸರ್ಕಾರ ರಫ್ತನ್ನೇ ನಿಲ್ಲಿಸಬೇಕಾಯಿತು. ಅಂಥ ದಿನಗಳಲ್ಲಿ ಹೋಟೆಲಿನ ಭಜಿಯೊಳಗೆ ಎಲೆಕೋಸು ಹೇಗೆ ನುಸುಳುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಹಾನವಮಿಯ ಹೊತ್ತಿಗೆ ಸಸಿಮಡಿ ಸಿದ್ಧವಾಗಬೇಕು. ಅರ್ಧ ಅಡಿ ಎತ್ತರದ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗೀರು ಎಳೆದು ಬೀಜವನ್ನು ತೆಳುವಾಗಿ ಬಿಟ್ಟು, ಬೆರಳಿನ ಉಗುರಿನಷ್ಟು ಮಾತ್ರ ಮಣ್ಣು ಮುಚ್ಚಬೇಕು. ಮೇಲೆ ಒಣಹುಲ್ಲು ಹರಡಿ, ಮೊಳಕೆ ಕಂಡೊಡನೆ ಅದನ್ನು ತೆಗೆದುಬಿಡಬೇಕು. ಕಡೆಯ ಮಳೆಯ ಭಯವಿದ್ದರೆ ತೆಂಗಿನ ಗರಿಯ ಮಾಡು ಹಾಕುವುದು ಲೇಸು. ಆರೇಳು ವಾರಗಳಲ್ಲಿ ಸಸಿ ಪೆನ್ಸಿಲಿಗಿಂತ ಸ್ವಲ್ಪ ತೆಳ್ಳಗೆ ಆಗುತ್ತದೆ. ಆಗ, ಅಂದರೆ ದೀಪಾವಳಿ ಕಳೆದು ಭತ್ತದ ಗದ್ದೆ ಖಾಲಿಯಾದಾಗ, ನಾಟಿಯ ಕಾಲ. ದೀಪಾವಳಿಗೆ ಊರಿಗೆ ಹೋಗಿಬರುವವರು ಮಣ್ಣನ್ನಾದರೂ ಹದಮಾಡಿ ಬರಬಹುದು. ಗದ್ದೆಯಿಲ್ಲದ ಮನೆಯ ಹಿತ್ತಲಿನಲ್ಲಿ ಚಿರೆಕಲ್ಲಿನ ಕೆಂಪು ಮಣ್ಣಿದ್ದರೆ ಅದರಲ್ಲಿ ಹುಳಿ ಹೆಚ್ಚು. ಒಂದು ತಿಂಗಳ ಮುಂಚೆ ಸ್ವಲ್ಪ ಸುಣ್ಣ ಬೆರೆಸಿ, ಹೊಳೆಯ ಮರಳನ್ನೂ ಗೊಬ್ಬರವನ್ನೂ ಕೂಡಿಸಿ ಸಡಿಲ ಮಾಡಿಕೊಳ್ಳಬೇಕು. ತೆಂಗಿನ ನೆರಳು ಬೀಳುವಲ್ಲಿ ಹಾಕಿ ಪ್ರಯೋಜನವಿಲ್ಲ. ನೆರಳಿನಲ್ಲಿ ಬೆಳೆದ ಈರುಳ್ಳಿ ಎಲೆಯಾಗುತ್ತದೆ, ಗಡ್ಡೆಯಾಗುವುದಿಲ್ಲ.

ನಾಟಿಯಲ್ಲಿ ತಪ್ಪುವುದು ಒಂದೇ ಕಡೆ: ಆಳವಾಗಿ ಹೂಳುವುದು. ಬೇರು ಮುಚ್ಚಿದರೆ ಸಾಕು. ಗಡ್ಡೆಯೆಂದು ನಾವು ಕರೆಯುವುದು ಬೇರಲ್ಲ, ಎಲೆಗಳ ಬುಡವೇ ಊದಿಕೊಂಡದ್ದು. ಅದಕ್ಕೆ ಮಣ್ಣಿನ ಮೇಲೆ ಅರ್ಧ ಮೈ ಚಾಚಿ ಕುಳಿತುಕೊಳ್ಳುವುದೇ ಇಷ್ಟ. ಆಲೂಗಡ್ಡೆಗೆ ಮಾಡುವಂತೆ ಬುಡಕ್ಕೆ ಮಣ್ಣು ಏರಿಸಬಾರದು. ಬೇರುಗಳು ಮೇಲುಮೇಲೆಯೇ ಇರುವುದರಿಂದ ನೀರು ಸ್ವಲ್ಪಸ್ವಲ್ಪವಾಗಿ, ಪದೇಪದೇ ಬೇಕು. ಕಳೆ ಕೀಳುವುದನ್ನು ಕೈಯಿಂದಲೇ ಮಾಡಬೇಕು. ಈರುಳ್ಳಿಯ ಎಲೆ ನೆಲವನ್ನು ಮುಚ್ಚುವುದಿಲ್ಲವಾದುದರಿಂದ ಕಳೆಗೆ ಅದು ಧರ್ಮಛತ್ರವಿದ್ದಂತೆ. ಎಲೆಯ ಮೇಲೆ ಬೆಳ್ಳಿಯ ಗೀರುಗಳು ಕಂಡರೆ ಥ್ರಿಪ್ಸ್ ನುಸಿ ಬಂದಿದೆಯೆಂದು ತಿಳಿಯಬೇಕು. ಸಣ್ಣ ಮಡಿಗೆ ಬೇವಿನೆಣ್ಣೆಯ ಸಾಬೂನು ನೀರು ಸಾಕಾಗುತ್ತದೆ. ನೇರಳೆ ಮಚ್ಚೆ ಬಿದ್ದ ಎಲೆಗಳನ್ನು ಕಿತ್ತು ದೂರ ಹಾಕಿರಿ.

ಗೊಬ್ಬರದ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. ಗಿಡ ಹಸುರಾಗಿರಲೆಂದು ಯೂರಿಯಾವನ್ನು ಕಡೆಯವರೆಗೂ ಚೆಲ್ಲುವವರುಂಟು. ನಾಟಿಯಾದ ಎರಡು ತಿಂಗಳ ಮೇಲೆ ಯೂರಿಯಾವನ್ನಾಗಲಿ ಹಿಂಡಿಯನ್ನಾಗಲಿ ಕೊಡುವುದೆಂದರೆ ಮಳೆಗಾಲದಲ್ಲಿ ಕೊಳೆಯುವುದಕ್ಕೆ ಮುಂಗಡ ಕೊಟ್ಟಂತೆ. ಆ ಸಾರಜನಕದಿಂದ ಗಡ್ಡೆಯ ಕುತ್ತಿಗೆ ದಪ್ಪವಾಗುತ್ತದೆ. ದಪ್ಪ ಕುತ್ತಿಗೆ ಒಣಗಿ ಮುಚ್ಚಿಕೊಳ್ಳುವುದಿಲ್ಲ. ಆ ತೆರೆದ ಬಾಗಿಲಿನಿಂದ ಬೂಷ್ಟು ಒಳಹೊಗುತ್ತದೆ.

ನನ್ನ ಸೋಲಿನ ಕಥೆ ಇಲ್ಲಿಗೆ ಸಂಬಂಧಿಸಿದ್ದು. ನಮ್ಮ ಹಳ್ಳಿ ಕುಮಟೆಗೆ ದೂರವಲ್ಲ. ತಂದೆ ತೀರಿಕೊಂಡ ಮೇಲೆ ತಾಯಿ ಒಬ್ಬಳೇ ಮನೆಯಲ್ಲಿದ್ದಾಳೆ. ಮುಂಬಯಿಯಲ್ಲಿ ಕಾರಕೂನಿಕೆ ಮಾಡಿ ಬೇಸತ್ತ ನನಗೆ ಒಂದು ವರ್ಷ ಹಿತ್ತಲಿನಲ್ಲಿ ಈರುಳ್ಳಿ ಬೆಳೆಸಿ ಅವಳ ಮಳೆಗಾಲಕ್ಕೆ ಕೂಡಿಡಬೇಕೆಂಬ ಹುಮ್ಮಸ್ಸು ಹುಟ್ಟಿತು. ದೀಪಾವಳಿಯ ರಜೆಯಲ್ಲಿ ಬೀಜ ಹಾಕಿ ಬಂದೆ. ಅಷ್ಟರಲ್ಲೇ ಒಂದು ತಿಂಗಳು ತಡವಾಗಿತ್ತು. ನಾಟಿಯನ್ನೂ ನೀರನ್ನೂ ತಾಯಿಯೇ ನೋಡಿಕೊಂಡಳು. ಯುಗಾದಿಗೆಂದು ನಾನು ಎಂಟು ದಿನದ ರಜೆ ಪಡೆದು ಹೋದಾಗ ಗಡ್ಡೆಗಳು ಬಲಿತಂತೆ ಕಾಣುತ್ತಿದ್ದರೂ ಎಲೆಗಳು ನೆಟ್ಟಗೆ ನಿಂತಿದ್ದವು. “ತಮಾ, ಅವು ಇನ್ನೂ ಬಿದ್ದಿಲ್ಲ, ಬಿಡು, ನಾನು ಕೀಳುತ್ತೇನೆ” ಎಂದು ತಾಯಿ ಹೇಳಿದಳು. ಮರಳುವ ರೈಲಿನ ಟಿಕೆಟು ನನ್ನ ಕಿಸೆಯಲ್ಲಿತ್ತು. ನನ್ನ ಕೈಯಿಂದಲೇ ಕೆಲಸ ಪೂರೈಸಬೇಕೆಂಬ ಹಟ. ಎಲ್ಲವನ್ನೂ ಕಿತ್ತು, ಒಂದೇ ದಿನ ಬಿಸಿಲಿಗೆ ಹಾಕಿ, ಹಸಿ ಕುತ್ತಿಗೆಗಳನ್ನು ಬುಡಮಟ್ಟ ಕತ್ತರಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮಂಚದ ಕೆಳಗೆ ತಳ್ಳಿ ಹೊರಟುಬಂದೆ. ಮಳೆ ಹಿಡಿದು ಹದಿನೈದು ದಿನವಾಗುವಷ್ಟರಲ್ಲಿ ಚೀಲದ ತಳದಿಂದ ನೀರು ಇಳಿಯತೊಡಗಿತಂತೆ. ಫೋನಿನಲ್ಲಿ ಕೇಳಿದಾಗಲೆಲ್ಲ “ಚೆನ್ನಾಗಿದೆ” ಎಂದೇ ಅವಳ ಉತ್ತರ. ಚೌತಿಗೆ ಹೋದಾಗ ಮಂಚದ ಕೆಳಗೆ ಬಗ್ಗಿ ನೋಡಿದೆ. ಚೀಲವಿರಲಿಲ್ಲ. ಎಲ್ಲವನ್ನೂ ತೆಂಗಿನ ಬುಡಕ್ಕೆ ಸುರಿದು, ಅವಳು ಅಂಗಡಿಯಿಂದ ಅರ್ಧರ್ಧ ಕಿಲೋ ತರಿಸಿಕೊಳ್ಳುತ್ತಿದ್ದಳು.

ನಾನು ಮಾಡಬೇಕಾಗಿದ್ದುದು ಏನೆಂಬುದನ್ನು ಆಮೇಲೆ ಕೇಳಿ, ಓದಿ, ಮಾಡಿ ತಿಳಿದುಕೊಂಡೆ. ಗಡ್ಡೆ ಬಲಿತಾಗ ಎಲೆಗಳು ಕುತ್ತಿಗೆಯಲ್ಲಿ ಮೆತ್ತಗಾಗಿ ತಾವಾಗಿಯೇ ಬಾಗಿ ಬೀಳುತ್ತವೆ. ಮಡಿಯಲ್ಲಿ ಅರ್ಧಕ್ಕರ್ಧ ಗಿಡಗಳು ಹೀಗೆ ಬಿದ್ದರೆ ಕೊಯ್ಲಿನ ಕಾಲವೆಂದು ಗುರುತು. ಕೆಲವರು ಅವಸರಕ್ಕೆ ಕಾಲಿನಿಂದ ತುಳಿದು ಬೀಳಿಸುತ್ತಾರೆ. ಅದರಿಂದ ಗಡ್ಡೆ ಬಲಿಯುವುದಿಲ್ಲ, ಕುತ್ತಿಗೆ ಗಾಯಗೊಳ್ಳುತ್ತದೆ ಅಷ್ಟೆ. ಕೊಯ್ಲಿಗೆ 10ರಿಂದ 15 ದಿನ ಮುಂಚಿತವಾಗಿ ನೀರನ್ನು ಪೂರ್ತಿಯಾಗಿ ನಿಲ್ಲಿಸಬೇಕು. ಗಿಡ ಬಾಡುತ್ತದೆಯಲ್ಲಾ ಎಂದು ಮರುಗಿ ಒಂದು ಕೊಡ ಹೊಯ್ದರೂ ಹೊರಗಿನ ಸಿಪ್ಪೆ ಬಿರಿಯುತ್ತದೆ. ಮನೆಯ ಹೆಂಗಸರಿಗೆ ಗಿಡಕ್ಕೆ ನೀರು ಹಾಕಬೇಡಿರೆಂದು ಹೇಳುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು. ನನ್ನ ತಾಯಿ ಮೊದಲ ವರ್ಷ ಕದ್ದು ಹಾಕಿದ್ದಳೆಂದು ಈಚೆಗೆ ಒಪ್ಪಿಕೊಂಡಿದ್ದಾಳೆ.

ಮಣ್ಣು ಒಣಗಿದ ದಿನ ನೋಡಿ ಕೀಳಬೇಕು. ಗಟ್ಟಿಯಾಗಿದ್ದರೆ ಗುದ್ದಲಿಯನ್ನು ದೂರದಿಂದ ಹಾಕಿ ಸಡಿಲಿಸಿಕೊಳ್ಳಿ. ಕಿತ್ತದ್ದನ್ನು ಎಸೆಯಬಾರದು, ಮೊಟ್ಟೆ ಇಟ್ಟಂತೆ ಇಡಬೇಕು. ಸಾಲಾಗಿ ಮಲಗಿಸುವಾಗ ಒಂದು ಸಾಲಿನ ಎಲೆಗಳು ಹಿಂದಿನ ಸಾಲಿನ ಗಡ್ಡೆಗಳನ್ನು ಮುಚ್ಚುವಂತೆ ಹಾಸಿದರೆ ಬಿಸಿಲಿಗೆ ಗಡ್ಡೆ ಬೇಯುವುದಿಲ್ಲ, ಎಲೆ ಮಾತ್ರ ಒಣಗುತ್ತದೆ. ಹೀಗೆ ಮೂರು-ನಾಲ್ಕು ದಿನ. ಆಮೇಲೆ ಗಾಳಿಯಾಡುವ ಜಗಲಿಯಲ್ಲಿ ಒಂದೇ ಪದರವಾಗಿ ಹರಡಿ 10-12 ದಿನ ಬಿಡಬೇಕು. ಕುತ್ತಿಗೆಯನ್ನು ಎರಡು ಬೆರಳಿನಿಂದ ಹೊಸೆದು ನೋಡಿರಿ. ಒಳಗೆ ಜಾರುವಂಥದ್ದು ಏನಾದರೂ ಸಿಕ್ಕಿದರೆ ಇನ್ನೂ ಆಗಿಲ್ಲ. ಕಾಗದದಂತೆ ಸರಸರ ಎಂದರೆ ಆಯಿತು. ಯುಗಾದಿಗೆ ಹೋದವನು ಇದನ್ನೆಲ್ಲ ಮುಗಿಸಿ ಬರುವುದು ಎಂಟು ದಿನದ ರಜೆಯಲ್ಲಿ ಸಾಧ್ಯವಿಲ್ಲ. ಯಜಮಾನರು ರಜೆ ಕೊಡುವುದಿಲ್ಲವಾದರೆ ಕೀಳುವುದನ್ನು ಮನೆಯವರಿಗೆ ಬಿಟ್ಟು, ಹೆಣೆಯುವುದಕ್ಕೆ ಮೇ ತಿಂಗಳಲ್ಲಿ ಹೋಗುವುದು ಮೇಲು.

ಹೆಣೆಯುವ ಮುಂಚೆ ಆರಿಸಬೇಕು. ಜೋಡಿ ಗಡ್ಡೆ, ಹೂದೇಟು ಬಿಟ್ಟದ್ದು, ದಪ್ಪ ಕುತ್ತಿಗೆಯದು, ಗುದ್ದಲಿ ತಗಲಿದ್ದು, ಇವನ್ನೆಲ್ಲ ಬುಟ್ಟಿಗೆ ಹಾಕಿ ಮೇ ತಿಂಗಳೊಳಗೆ ತಿಂದು ಮುಗಿಸಿರಿ. ಉಳಿದವುಗಳ ಎಲೆಗಳಿಗೆ ಸ್ವಲ್ಪ ನೀರು ಚಿಮುಕಿಸಿದರೆ ಮುರಿಯದೆ ಬಾಗುತ್ತವೆ. ಮೂರು ಗಡ್ಡೆಗಳಿಂದ ಆರಂಭಿಸಿ, ಹೆಣ್ಣುಮಕ್ಕಳ ಜಡೆಯಂತೆಯೇ, ಪ್ರತಿ ಸುತ್ತಿಗೆ ಒಂದೊಂದು ಸೇರಿಸುತ್ತ ಹೋಗಬೇಕು. ನಡುವೆ ಬಾಳೆಯ ನಾರನ್ನೋ ತೆಳುವಾದ ಹುರಿಯನ್ನೋ ಕೂಡಿಸಿಕೊಂಡರೆ ಭಾರ ತಾಳುತ್ತದೆ. ಒಂದು ಜಡೆಗೆ ಮೂರು ಕಿಲೋಗಿಂತ ಹೆಚ್ಚು ಬೇಡ. ಹೆಣೆದ ಮೇಲೆ ಒಂದು ದಿನ ಮತ್ತೆ ಗಾಳಿಗೆ ಇಟ್ಟು ತೂಗುಹಾಕಬೇಕು. ಜಡೆ ಹೆಣೆಯುವುದು ಅಲಂಕಾರಕ್ಕಲ್ಲ. ಒಂದರ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ, ಸುತ್ತ ಗಾಳಿಯಾಡುತ್ತದೆ, ಒಂದು ಕೆಟ್ಟರೆ ಒಡನೆ ಕಣ್ಣಿಗೆ ಬೀಳುತ್ತದೆ.

ಎಲ್ಲಿ ತೂಗುಹಾಕಬೇಕೆಂಬುದರಲ್ಲಿ ನಮ್ಮ ಹಳಬರು ಬಹಳ ಜಾಣರಾಗಿದ್ದರು. ಕರಾವಳಿಯ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವೇ ಉಗ್ರಾಣ. ಈಗಿನ ಶಾಸ್ತ್ರವೂ ಅದನ್ನೇ ಹೇಳುತ್ತದೆ. ಈರುಳ್ಳಿ ಚೆನ್ನಾಗಿ ನಿಲ್ಲುವುದು ಒಂದೋ ಹಿಮದಷ್ಟು ತಂಪಿನಲ್ಲಿ, ಅಂದರೆ 0ಯಿಂದ 2 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಲ್ಲವೇ 25ರಿಂದ 30 ಡಿಗ್ರಿಯ ಬೆಚ್ಚಗಿನ, ಶುಷ್ಕವಾದ ಗಾಳಿಯಲ್ಲಿ. ನಡುವಣ 10-20 ಡಿಗ್ರಿಯಲ್ಲಿ ಅದು ನಿದ್ದೆಯಿಂದೆದ್ದು ಮೊಳೆಯುತ್ತದೆ. ಶ್ರಾವಣದ ಥಂಡಿಯಲ್ಲಿಯೂ ಒಲೆಯ ಮೇಲಿನ ಜಾಗ ಬೆಚ್ಚಗಿದ್ದು ಒಣಗಿರುತ್ತದೆ. ಗ್ಯಾಸಿನ ಒಲೆ ಬಂದ ಮನೆಗಳಲ್ಲಿ ಈ ಅನುಕೂಲ ತಪ್ಪಿದೆ. ಅಲ್ಲಿ ಸ್ನಾನದ ಹಂಡೆಯ ಒಲೆ ಉರಿಯುವ ಕಡೆ, ನೀರಿನ ಹಬೆ ತಟ್ಟದಷ್ಟು ದೂರದಲ್ಲಿ ಕಟ್ಟಬಹುದು. ಆಲೂಗಡ್ಡೆಯ ಬುಟ್ಟಿಯ ಹತ್ತಿರ ಇಡಬಾರದು. ಅದರ ತೇವ ಇದಕ್ಕೆ ಆಗದು. ವಾರಕ್ಕೊಮ್ಮೆ ಕೈಯಾಡಿಸಿ, ಕಪ್ಪು ಪುಡಿ ಕಂಡದ್ದನ್ನೂ ಕುತ್ತಿಗೆ ಮೆತ್ತಗಾದದ್ದನ್ನೂ ಕತ್ತರಿಸಿ ತೆಗೆಯಬೇಕು. ಇಷ್ಟೆಲ್ಲ ಮಾಡಿದರೂ ತೂಕ ಇಳಿಯುವುದು, ನಾಲ್ಕಾರು ಕೊಳೆಯುವುದು ಇದ್ದದ್ದೇ.

ಚಾಳಿನ ಕೋಣೆಯಲ್ಲಿರುವವರು, ನಮಗೇನು ಎಂದು ಕೇಳಿಯಾರು. ಬಿಸಿಲು ಬೀಳುವ ಕಿಟಕಿಯಲ್ಲಿ ಎಂಟು ಅಂಗುಲ ಆಳದ ಹಣ್ಣಿನ ಪೆಟ್ಟಿಗೆಯಿಟ್ಟು ಹತ್ತು-ಹದಿನೈದು ಗಡ್ಡೆ ಬೆಳೆದವರುಂಟು. ಅದು ಸಂತೋಷಕ್ಕೆ, ಸಾರಿಗಲ್ಲ. ಮೊಳೆತ ಗಡ್ಡೆಯನ್ನು ನೆಟ್ಟರೆ ಹಸುರೆಲೆ ಸಿಗುತ್ತದೆ, ಹೂವೂ ಬಂದೀತು. ಮತ್ತೊಂದು ಒಳ್ಳೆಯ ಗಡ್ಡೆ ಸಿಗದು. ಊರಿನಿಂದ ಒಂದು ಜಡೆ ತಂದು ಕೋಣೆಯ ಮೊಳೆಗೆ ತೂಗುಹಾಕುವುದೇ ವಾಸಿ. ನಾನು ಹಾಗೆಯೇ ಮಾಡುತ್ತೇನೆ. ನಮ್ಮ ಪಕ್ಕದ ಕೋಣೆಯ ಹಾಸನದ ಹುಡುಗನೊಬ್ಬ ಅದನ್ನು ಹಸಿಯಾಗಿಯೇ ಉಪ್ಪು ಹಚ್ಚಿ ರೊಟ್ಟಿಯೊಂದಿಗೆ ತಿಂದು, ಇದು ಈರುಳ್ಳಿಯೇ ಅಲ್ಲವೆಂದು ವಾದಿಸುತ್ತಾನೆ.

ಸೋತ ಮರುವರ್ಷದಿಂದ ಮಹಾನವಮಿಗೇ ಬೀಜ ಬೀಳುತ್ತದೆ, ತಾಯಿಯೇ ಹಾಕುತ್ತಾಳೆ. ಎಲೆ ಬಿದ್ದಾಗ ಅವಳೇ ಕೀಳುತ್ತಾಳೆ. ನಾನು ಮೇ ತಿಂಗಳಲ್ಲಿ ಹೋಗಿ ಹೆಣೆದು ಕಟ್ಟಿ ಬರುತ್ತೇನೆ. ಕಳೆದ ಚೌತಿಗೆ ರಜೆ ಸಿಗಲಿಲ್ಲ. ಹಬ್ಬದ ದಿನ ಫೋನು ಮಾಡಿದಾಗ ಅಟ್ಟದ ಮೇಲೆ ಇನ್ನೆಷ್ಟು ಉಳಿದಿವೆಯೆಂದು ಕೇಳಿದೆ. ಆ ದಿನದ ಅಡುಗೆಗೆ ಈರುಳ್ಳಿ ಮುಟ್ಟುವುದಿಲ್ಲವಾದುದರಿಂದ ಎಣಿಸಿಡಲು ಅವಳಿಗೆ ಬಿಡುವಿತ್ತೆಂದು ಕಾಣುತ್ತದೆ. “ಒಂದು ಜಡೆ ಪೂರ್ತಿ ಇದೆ, ಇನ್ನೊಂದರಲ್ಲಿ ಏಳು” ಎಂದಳು. ಈ ಸಲ ನಾನು ಮತ್ತೆ ಕೇಳಲಿಲ್ಲ.